ಆರು ತಿಂಗಳ ತೋಡು

ಅವರ ಬಲಗಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ, ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಜಡ್ಡು ಇತ್ತು. ಕೈಗೆ, ಕಾಲಿಗೆ ಜಡ್ಡು ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೇನೆ, ಮುಖಕ್ಕೆ ಜಡ್ಡು ಕಟ್ಟಿದವರನ್ನು ನೋಡಿದ್ದು ಅವರೊಬ್ಬರನ್ನೇ. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ಅವರ ಬಳಿ ಯಾವಾಗಲೂ ಇರುತ್ತಿತ್ತು. ಅದರ ತುದಿಯನ್ನು ತಿರುಗುತ್ತಿರುವ ಯಂತ್ರದ ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಬೇರಿಂಗು ಸವೆದಿದೆಯೋ, ಗ್ರೀಸು ಮುಗಿದಿದೆಯೋ, ಪೈಪಿನಲ್ಲಿ ಎಲೆ ಸಿಕ್ಕಿಕೊಂಡಿದೆಯೋ, ಎಲ್ಲವೂ ಅವರಿಗೆ ಆ ಎಲುಬಿನಿಂದಲೇ ಗೊತ್ತಾಗಬೇಕು. ಹೀಗೆ ಆಲಿಸಿ ಆಲಿಸಿ ನಲವತ್ತು ವರ್ಷದಲ್ಲಿ ಕಟ್ಟಿದ ಜಡ್ಡು ಅದು.

ಕಲ್ಲುಗುಂಡಿಯಿಂದ ಒಳಗೆ ಹೋಗುವ ಹಳ್ಳಿಗಳಲ್ಲಿ ಎಲ್ಲರೂ ಅವರನ್ನು ಟರ್ಬೈನ್ ಮೇಸ್ತ್ರಿ ಎನ್ನುತ್ತಿದ್ದರು. ನನಗೆ ಅವರು ಮೇಸ್ತ್ರಿ ಅಷ್ಟೇ. ಪ್ರಾಯದಲ್ಲಿ ಸುಳ್ಯದ ಒಂದು ಅಂಗಡಿಯಲ್ಲಿ ಪಂಪುಸೆಟ್ ರಿಪೇರಿ ಮಾಡುತ್ತಿದ್ದವರು. ಅವರ ಊರಿಗೆ ಆಗ ಕರೆಂಟು ಬಂದಿರಲಿಲ್ಲ. ಗುಡ್ಡದ ಮೇಲಿನ ತೋಡಿಗೆ, ಎಂದರೆ ಸಣ್ಣ ಹಳ್ಳಕ್ಕೆ, ಪೈಪು ಹಾಕಿ, ನೀರನ್ನು ಕೆಳಕ್ಕೆ ಇಳಿಸಿ, ಆ ರಭಸಕ್ಕೆ ಒಂದು ಕಬ್ಬಿಣದ ಚಕ್ರ ತಿರುಗುವಂತೆ ಮಾಡಿ, ಚಕ್ರಕ್ಕೆ ಹಳೆಯ ಮೋಟಾರು ಜೋಡಿಸಿ, ನಾಲ್ಕು ಮನೆಗಳಿಗೆ ದೀಪ ಕೊಟ್ಟರು. ಆಮೇಲೆ ಅಂಥವೇ ಹತ್ತಾರು ಕಡೆ ಕಟ್ಟಿದರು. ಮುಂದೆ ಸರ್ಕಾರದ ಕಂಬಗಳು ಬಂದವು. ಬಂದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ವಾರಗಟ್ಟಲೆ ಕತ್ತಲೆ ಇದ್ದೇ ಇರುತ್ತಿದ್ದರಿಂದ, ಮೇಸ್ತ್ರಿಯ ಚಕ್ರವನ್ನು ಆ ನಾಲ್ಕು ಮನೆಯವರು ಬಿಡಲಿಲ್ಲ. ಮಳೆಗಾಲಕ್ಕೆ ತೋಡಿನ ಕರೆಂಟು, ಬೇಸಗೆಗೆ ಕಂಬದ ಕರೆಂಟು.

ಯಾರಾದರೂ ಹೊಗಳಿದರೆ ಅವರಿಗೆ ಮುಜುಗರವಾಗುತ್ತಿತ್ತು. “ಚಕ್ರ ನನ್ನದು, ತಿರುಗಿಸುದು ತೋಡು” ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ನಾನು ಪುತ್ತೂರಿನವಳು. ಗುತ್ತಿಗೆ ಮೇಲೆ ಅಂಕಿ ಅಂಶ ಸಂಗ್ರಹಿಸುವ ಕೆಲಸ. ದೇಶವು ಎರಡು ಸಾವಿರದ ಎಪ್ಪತ್ತರ ಹೊತ್ತಿಗೆ ನಿವ್ವಳ ಶೂನ್ಯ ಮುಟ್ಟುತ್ತದೆ ಎಂದು ಹೇಳಿ ಆಗಿದೆಯಲ್ಲ, ಎಂದರೆ ಗಾಳಿಗೆ ನಾವು ಬಿಡುವ ಇಂಗಾಲವೂ ಮರ ಮಣ್ಣು ಹೀರಿಕೊಳ್ಳುವ ಇಂಗಾಲವೂ ಸರಿಸಮ ಆಗಬೇಕು, ಅದಕ್ಕೊಂದು ಯೋಜನೆ ತಯಾರಾಗುತ್ತಿತ್ತು. ಯೋಜನೆ ಮೇಲೆ ತಯಾರಾದರೂ ಮಾಹಿತಿ ಕೆಳಗಿನಿಂದಲೇ ಹೋಗಬೇಕು. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನ ಹಳ್ಳಿಗಳಲ್ಲಿ ಯಾರು ಏನು ಉರಿಸುತ್ತಾರೆ, ಯಾವ ಕರೆಂಟು ಬಳಸುತ್ತಾರೆ, ಎಷ್ಟು ಪೋಲು ಮಾಡುತ್ತಾರೆ ಎಂದು ಮನೆಮನೆಗೆ ಹೋಗಿ ಟ್ಯಾಬಿನಲ್ಲಿ ತುಂಬಿಸುವವರಲ್ಲಿ ನಾನೊಬ್ಬಳು. ಟ್ಯಾಬು ಕೈಗೆ ಬಂದ ಮೇಲೆ ನನಗೆ ಸ್ವಲ್ಪ ಕೋಡು ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಭೂಮಿಯನ್ನು ಉಳಿಸುವ ಕೆಲಸ ನನಗೇ ವಹಿಸಿಕೊಟ್ಟಿದ್ದಾರೆ ಎನ್ನುವ ಹಾಗೆ ನಡೆಯುತ್ತಿದ್ದೆ.

ಮೇಸ್ತ್ರಿಯ ಮನೆಗೆ ನಾನು ಮೊದಲು ಹೋದದ್ದು ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ. ಅವರ ಹೆಂಡತಿ ಕೂರಲು ಹೇಳಿ ಒಳಗೆ ಹೋದರು. ಜಗಲಿಯಲ್ಲಿ ಎರಡು ಬಲ್ಬು ಉರಿಯುತ್ತಿದ್ದವು. ಕೊಟ್ಟಿಗೆಯಲ್ಲಿ ಒಂದು. ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಅದಕ್ಕೂ ಕರೆಂಟಿನ ಕಾಯ್ಲು. ಹಾಡಹಗಲು. ನನಗೆ ಮೈಯೆಲ್ಲ ಉರಿಯಿತು. ಟ್ಯಾಬಿನಲ್ಲಿ ‘ವಿದ್ಯುತ್ ಪೋಲು: ಹೆಚ್ಚು’ ಎಂದು ಒತ್ತಿದೆ. ಅಷ್ಟಕ್ಕೇ ಬಿಡದೆ ಎದ್ದು ಹೋಗಿ ಟಕ ಟಕ ಎಂದು ಎಲ್ಲ ಸ್ವಿಚ್ಚು ಆರಿಸಿದೆ, ಕಾಯ್ಲಿನದ್ದೂ ಸೇರಿಸಿ.

ಒಂದೇ ಕ್ಷಣ. ಎಲ್ಲಿಂದಲೋ ಒಂದು ಯಂತ್ರ ಕಿರುಚಿಕೊಂಡ ಸದ್ದು ಬಂತು. ಕೆಳಗಿನ ಮನೆಯಿಂದ ‘ಕೂ’ ಎಂದು ಯಾರೋ ಕೂಗಿದರು, ಅದರ ಹಿಂದೆಯೇ ಇನ್ನೊಂದು ಮನೆಯಿಂದ ಇನ್ನೊಂದು ಕೂ. ಒಳಗಿನಿಂದ ಅವರ ಹೆಂಡತಿ ಓಡಿ ಬಂದು ನನ್ನನ್ನು ನೋಡಿದರು, ಸ್ವಿಚ್ಚು ನೋಡಿದರು, ಎಲ್ಲವನ್ನೂ ಮತ್ತೆ ಹಾಕಿದರು. ಐದು ನಿಮಿಷದಲ್ಲಿ ತೋಡಿನ ನೀರಿಗೆ ತೊಯ್ದ ಚಡ್ಡಿಯಲ್ಲಿ ಮೇಸ್ತ್ರಿ ಬಂದರು. ಆರಿಸಿದ್ದು ಯಾರು ಎಂದು ಕೇಳಿದರು. ಹೆಂಡತಿ ಗಲ್ಲದಿಂದ ನನ್ನ ಕಡೆ ತೋರಿಸಿದರು.

“ಆರಿಸುವ ಮೊದಲು ಕೂಗಿ ಹೇಳ್ಬೇಕು ಮೇಡಂ” ಎಂದರು ಮೇಸ್ತ್ರಿ. ಸಿಟ್ಟು ಇರಲಿಲ್ಲ. “ಇಲ್ಲಿ ನೀವು ಆರಿಸಿದ್ರೆ ಅಲ್ಲಿ ಒಡೆಯುದು. ನೀವು ಆರಿಸಿದ್ದು ನೀರಿಗೆ ಗೊತ್ತುಂಟಾ? ಅದು ತಳ್ಳುವಷ್ಟು ತಳ್ಳುದೇ.”

ಆಮೇಲೆ ಬಿಡಿಸಿ ಹೇಳಿದರು. ಕಂಬದ ಕರೆಂಟಿನ ಹಾಗೆ ತೋಡಿನ ಕರೆಂಟನ್ನು ಬೇಕಾದಾಗ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ನೀರು ಎಷ್ಟು ಕೊಡುತ್ತದೋ ಅಷ್ಟನ್ನೂ ನಾಲ್ಕು ಮನೆ ಸೇರಿ ಖರ್ಚು ಮಾಡಲೇಬೇಕು. ಒಂದು ಮನೆ ಕೈಬಿಟ್ಟರೆ ಅವರ ಪಾಲೂ ಉಳಿದವರ ಬಲ್ಬಿಗೆ ನುಗ್ಗಿ ಬಲ್ಬು ಸುಡುತ್ತದೆ. ಹಾಗಾಗಿ ಹಗಲೂ ದೀಪ ಉರಿಯುತ್ತದೆ, ಮಿಕ್ಕದ್ದು ಹಂಡೆಗೆ ಹೋಗುತ್ತದೆ. ಯಾರಿಗಾದರೂ ಆರಿಸಬೇಕೆಂದಿದ್ದರೆ ಅಂಗಳಕ್ಕೆ ಬಂದು ಕೂ ಹಾಕಬೇಕು, ಇನ್ನೊಬ್ಬರು ತಮ್ಮಲ್ಲಿ ಒಂದು ಹೆಚ್ಚಿಗೆ ಹಾಕಿಕೊಂಡು ತಿರುಗಿ ಕೂ ಹಾಕಬೇಕು. ಆಮೇಲೆಯೇ ಸ್ವಿಚ್ಚು. ಇಷ್ಟು ಹೇಳಿ ಅಂಗಿಯ ಕಿಸೆಯಿಂದ ಎರಡು ಹೊಸ ಬಲ್ಬು ತೆಗೆದು ಆ ಮನೆಗಳಿಗೆ ಹೊರಟರು. ನಾನೂ ಹಿಂದೆಯೇ ಹೋದೆ. ಎರಡೂ ಮನೆಯಲ್ಲಿ ನನ್ನನ್ನು ನೋಡಿ ನಕ್ಕರು. ಅಂದಿನಿಂದ ಆ ಕಡೆ ನನ್ನ ಹೆಸರು ‘ಲೈಟ್ ಆರಿಸಿದ ಮೇಡಂ’.

ಒಂದೇ ದಿನದ ಕೆಲಸಕ್ಕೆ ಹೋದ ನಾನು ಆ ಮಳೆಗಾಲದಲ್ಲಿ ಆರು ಸಲ ಹೋದೆ. ಪ್ರತಿ ಸಲವೂ ಟ್ಯಾಬಿನಲ್ಲಿ ಏನೋ ಒಂದು ಬಾಕಿ ಉಳಿದಿದೆ ಎಂದು ಕಾರಣ ಹೇಳುತ್ತಿದ್ದೆ. ಪುತ್ತೂರಿನಿಂದ ಸುಳ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಮಡಿಕೇರಿ ರಸ್ತೆಯಲ್ಲಿ ಕಲ್ಲುಗುಂಡಿಗೆ ಇನ್ನೊಂದು, ಆಮೇಲೆ ಜೀಪು, ಆಮೇಲೆ ಕಾಲು. ನನ್ನ ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡಿದ್ದರು. ಆ ಜಾಗದಲ್ಲಿ ಯಾರನ್ನೂ ಕೂರಿಸುವ ಉದ್ದೇಶ ನನಗೆ ಇರಲಿಲ್ಲ. ಆದರೆ ಚಕ್ರದ ಕೋಣೆಯ ಹೊಸ್ತಿಲಲ್ಲಿ ಕೂತು ಪುನರ್ಪುಳಿಯ ಶರಬತ್ತು ಕುಡಿಯುತ್ತಾ ಅವರು ಬೋಲ್ಟು ಬಿಗಿಯುವುದನ್ನು ನೋಡುವಾಗ, ಎಲ್ಲಿಗೂ ಹೋಗಬೇಕಿಲ್ಲ ಎಂದು ಅನ್ನಿಸುತ್ತಿತ್ತು. ಹಾಗೆ ಅನ್ನಿಸುವ ಇನ್ನೊಂದು ಜಾಗ ನನಗೆ ಇವತ್ತಿಗೂ ಸಿಕ್ಕಿಲ್ಲ.

ಅವರದ್ದೊಂದು ಅಭ್ಯಾಸ. ಯಾವ ರಿಪೇರಿ ಮುಗಿಸಿದರೂ, ಸರಿಯಾಯಿತಾ ಎಂದು ಕೇಳಿದರೆ, “ಸದ್ಯಕ್ಕೆ” ಎನ್ನುತ್ತಿದ್ದರು. ಪೂರ್ತಿ ಸರಿಯಾಯಿತು ಎಂದು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. ಇನ್ನೊಂದು, ನನ್ನ ನಮೂನೆಗಳನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿಸುವುದು. ಅದರ ಕನ್ನಡ ಅವರಿಗೆ ಭಾರೀ ಖುಷಿ. ‘ಅನ್ವಯಿಸುವುದಿಲ್ಲ’ ಎಂಬ ಶಬ್ದವನ್ನಂತೂ ಎತ್ತಿಕೊಂಡೇಬಿಟ್ಟರು. ಊಟಕ್ಕೆ ಮೀನು ಉಂಟಾ ಎಂದು ಯಾರಾದರೂ ಕೇಳಿದರೆ, ಇವತ್ತು ಅನ್ವಯಿಸುವುದಿಲ್ಲ. ಮೊಣಕಾಲು ನೋವು ಹೇಗುಂಟು ಎಂದರೆ, ಗುಡ್ಡ ಇಳಿಯುವಾಗ ಮಾತ್ರ ಅನ್ವಯಿಸುತ್ತದೆ. ಮನೆಯಲ್ಲಿ ಸುಳ್ಯದ ಕಡೆಯ ಅರೆಭಾಷೆ ಆಡುವ ಅವರು ಈ ಒಂದು ಶಬ್ದವನ್ನು ಮಾತ್ರ ಕಚೇರಿಯ ಗತ್ತಿನಲ್ಲೇ ಹೇಳುತ್ತಿದ್ದರು, ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ನಿವ್ವಳ ಶೂನ್ಯ ಎಂದರೆ ಎಂತ ಎಂದು ಒಮ್ಮೆ ಕೇಳಿದರು. ತರಬೇತಿಯಲ್ಲಿ ಕಲಿತದ್ದನ್ನು ಕಾಲು ಗಂಟೆ ಹೇಳಿದೆ. ಹಾಗಾದರೆ ನಮ್ಮ ನಾಲ್ಕು ಮನೆಯ ಹಾಗೆಯೇ, ಬಂದದ್ದಕ್ಕೂ ಹೋದದ್ದಕ್ಕೂ ತಾಳೆ ಆಗಬೇಕು, ತಾಳೆ ತಪ್ಪಿದರೆ ಯಾರದೋ ಬಲ್ಬು ಒಡೆಯುತ್ತದೆ ಎಂದರು. ನಾನು ನೋಟು ಮಾಡಿಕೊಂಡು ಹೋಗಿ ನಮ್ಮ ಕಚೇರಿಯ ಸಭೆಯಲ್ಲಿ ಅದನ್ನೇ ಹೇಳಿ ಶಹಬ್ಬಾಸ್ ತೆಗೆದುಕೊಂಡೆ. ಅವರು ಹೇಳಿದ್ದು ಎಂದು ಹೇಳಲಿಲ್ಲ. ಎಪ್ಪತ್ತನೇ ಇಸವಿಯ ಗುರಿ ಎಂದಾಗ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿ, “ಅಷ್ಟೊತ್ತಿಗೆ ನಾನಿಲ್ಲ. ನೀವೂ ಮುದುಕಿ. ತೋಡು ಇರ್ಬೇಕು, ಅಷ್ಟೇ” ಎಂದಿದ್ದರು.

ಆ ತೋಡಿನ ವಿಷಯ ಹೇಳಬೇಕು. ಮೇಸ್ತ್ರಿಯ ಪೈಪು ತೋಡಿನ ನೀರನ್ನು ಗುಡ್ಡದ ಈಚೆ ಬದಿಗೆ ತರುತ್ತದೆ. ಚಕ್ರ ತಿರುಗಿಸಿದ ನೀರು ಈಚೆಯೇ ಹರಿದು ಹೋಗುತ್ತದೆ. ಆಚೆ ಬದಿಯಲ್ಲಿ ತೋಡಿನ ಹಳೆಯ ದಾರಿಯಲ್ಲಿ ಕೆಲವು ಮನೆಗಳಿವೆ, ಅವರಿಗೆ ಅಷ್ಟು ನೀರು ಕಡಿಮೆ. ಮಳೆಗಾಲದಲ್ಲಿ ಇಬ್ಬರಿಗೂ ಸಾಕಷ್ಟು. ಡಿಸೆಂಬರಿನಲ್ಲಿ ನೀರು ಇಳಿದ ಮೇಲೆ ಸಾಲದು. ಆಗ ಮೇಸ್ತ್ರಿ ಪೈಪಿನ ಬಾಯಿಯ ಗೇಟು ಮುಚ್ಚುತ್ತಾರೆ, ಇಡೀ ತೋಡು ಆಚೆಯವರಿಗೆ. ಅವರು ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಾರೆ, ಬೇಸಗೆಯಿಡೀ ಗದ್ದೆಗೂ ತೋಟಕ್ಕೂ ಅದೇ. ಜೂನಿನ ಮೊದಲ ದೊಡ್ಡ ಮಳೆಗೆ ಕಟ್ಟ ಒಡೆದು ಹೋಗುತ್ತದೆ, ಆಗ ಗೇಟು ತೆಗೆಯುವುದು.

ಇದಕ್ಕೆ ಕಾಗದ ಪತ್ರ ಏನೂ ಇರಲಿಲ್ಲ. ಗೇಟು ಮುಚ್ಚಿದ ದಿನ ಮೇಸ್ತ್ರಿ ಗುಡ್ಡ ಹತ್ತಿಳಿದು ಆಚೆಬದಿಯ ಮೊದಲ ಮನೆಗೆ ಹೋಗಬೇಕು. ಆ ಮನೆಯ ಅಕ್ಕ ಬೆಲ್ಲ ನೀರು ಕೊಡಬೇಕು. ಅದನ್ನು ತಿಂದು ಕುಡಿದು ಎದ್ದರೆ ಮುಗಿಯಿತು, ಆ ದಿನದಿಂದ ತೋಡು ಅವರದ್ದು. ಜೂನಿನಲ್ಲಿ ಕಟ್ಟ ಒಡೆದಾಗ ಅಕ್ಕ ಈಚೆಗೆ ಬರಬೇಕು, ಮೇಸ್ತ್ರಿಯ ಮನೆಯಲ್ಲಿ ಬೆಲ್ಲ ನೀರು ಕುಡಿಯಬೇಕು, ತೋಡು ಇವರದ್ದು. ಆ ವರ್ಷದ ಡಿಸೆಂಬರಿನಲ್ಲಿ ನಾನೂ ಜತೆಗೆ ಹೋಗಿದ್ದೆ. ಅಕ್ಕ ನನಗೂ ಒಂದು ಅಚ್ಚು ಬೆಲ್ಲ ಕೊಟ್ಟರು. ತೋಡಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಹಸು ಕರು ಹಾಕಿದ್ದು, ಸುಬ್ರಹ್ಮಣ್ಯಕ್ಕೆ ಹೋಗಿ ಬಂದದ್ದು, ಹೀಗೆ ಅದೂ ಇದೂ ಮಾತಾಡಿ ಎದ್ದು ಬಂದೆವು. ಏನೂ ಆಗಲಿಲ್ಲವಲ್ಲ ಎಂದು ನಾನು ದಾರಿಯಲ್ಲಿ ಕೇಳಿದೆ. ಆಯಿತಲ್ಲ ಎಂದರು ಮೇಸ್ತ್ರಿ.

ಇನ್ನು ನನ್ನ ತಪ್ಪು. ಟ್ಯಾಬಿನಲ್ಲಿ ಇಂಥ ಸಣ್ಣ ಟರ್ಬೈನುಗಳಿಗೆ ಒಂದು ಸಾಲು ಇತ್ತು. ವರ್ಷದಲ್ಲಿ ಎಷ್ಟು ತಿಂಗಳು ಓಡುತ್ತದೆ ಎಂಬ ಪ್ರಶ್ನೆಗೆ ಆರು ಎಂದು ಒತ್ತಿದರೆ ಅದು ತೆಗೆದುಕೊಳ್ಳುತ್ತಿರಲಿಲ್ಲ. ಹನ್ನೆರಡಕ್ಕೆ ಮಾತ್ರ ಜಾಗ. ಮತ್ತೆ ಕಚೇರಿಯಲ್ಲಿ ಕೇಳಿಕೊಂಡು ತುಂಬಿಸಿದರಾಯಿತು ಎಂದು ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದು ಮರೆತೇಹೋಯಿತು. ಎಪ್ರಿಲಿನಲ್ಲಿ ಯೋಜನೆಯ ಕರಡು ಬಂತು. ಅದರ ಕೊನೆಯಲ್ಲಿ ಮೂರೂ ತಾಲೂಕಿನ ತೋಡುಗಳ ಪಟ್ಟಿ. ಬಳಕೆಯಲ್ಲಿರುವವು ಬೇರೆ, ಬಳಕೆಯಲ್ಲಿಲ್ಲದವು ಬೇರೆ. ಬಳಕೆಯಲ್ಲಿಲ್ಲದ ತೋಡುಗಳಲ್ಲಿ ಕಿರು ಜಲವಿದ್ಯುತ್ ಘಟಕ ಕಟ್ಟಲು ಹೊರಗಿನ ಕಂಪನಿಗಳಿಂದ ಅರ್ಜಿ ಕರೆಯಬಹುದು ಎಂದಿತ್ತು. ಇಂಗಾಲ ಕಡಿಮೆ ಮಾಡುವ ದಾರಿಗಳಲ್ಲಿ ಅದೂ ಒಂದು, ತಪ್ಪೆಂದು ಹೇಳಲಾರೆ. ಆದರೆ ಮೇಸ್ತ್ರಿಯ ತೋಡು ಎರಡನೇ ಪಟ್ಟಿಯಲ್ಲಿತ್ತು. ಬಳಕೆಯಲ್ಲಿಲ್ಲ. ನಾನು ಖಾಲಿ ಬಿಟ್ಟ ಜಾಗ ಅಲ್ಲಿಗೆ ಹೋಗಿ ಹಾಗೆ ಅಚ್ಚಾಗಿತ್ತು.

ಅಂದೇ ಬಸ್ಸು ಹತ್ತಿ ಹೋಗಿ ಹೇಳಿದೆ. ನನ್ನಿಂದಲೇ ಆದದ್ದು ಎಂದೂ ಹೇಳಿದೆ. ಮೇಸ್ತ್ರಿ ಬೈಯಲಿಲ್ಲ. ಹಾಳೆಯನ್ನು ತೆಗೆದುಕೊಂಡು ತೋಡಿನ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ನಲವತ್ತು ವರ್ಷ” ಎಂದರು. ಆಮೇಲೆ ಕೇಳಿದ್ದು ಒಂದೇ. “ಬಳಕೆ ಉಂಟು ಅಂತ ಒಂದು ಸಾಲು ಬರೆಸ್ಲಿಕ್ಕೆ ಆಗ್ತದಾ ಮೇಡಂ?” ಅವರು ನನ್ನ ಹತ್ತಿರ ಎಂದೂ ಏನನ್ನೂ ಕೇಳಿದವರಲ್ಲ.

ಮೇ ತಿಂಗಳಲ್ಲಿ ಸುಳ್ಯದಲ್ಲಿ ಒಂದು ಸಭೆ ಇತ್ತು. ಕರಡಿನಲ್ಲಿ ತಪ್ಪಿದ್ದರೆ ಜನರು ಬಂದು ಹೇಳಬಹುದು. ನಮ್ಮ ಮೇಲಿನ ಅಧಿಕಾರಿ ಒಳ್ಳೆಯ ಮನುಷ್ಯ. ನಾನು ಮೊದಲೇ ಹೋಗಿ ವಿಷಯ ತಿಳಿಸಿದ್ದೆ. ಹನ್ನೆರಡು ತಿಂಗಳು ಓಡುತ್ತದೆ ಎಂದು ಮೇಸ್ತ್ರಿ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ, ಅಲ್ಲಿಯೇ ತಿದ್ದಿಬಿಡುತ್ತೇನೆ, ಯಾರು ಬಂದು ನೋಡುತ್ತಾರೆ ಎಂದರು. ನನಗೆ ಹೋದ ಜೀವ ಬಂತು. ಹಿಂದಿನ ದಿನ ಮೇಸ್ತ್ರಿಗೆ ಹೇಳಿಕೊಟ್ಟೆ. ವರ್ಷಪೂರ್ತಿ ಓಡುತ್ತದಾ ಎಂದು ಕೇಳುತ್ತಾರೆ, ಹೌದು ಎನ್ನಿ, ಹೆಚ್ಚಿಗೆ ಒಂದು ಅಕ್ಷರ ಬೇಡ. ಅವರು ತಲೆಯಾಡಿಸಿದರೋ ಇಲ್ಲವೋ ಈಗ ನೆನಪಿಲ್ಲ. ಒಪ್ಪಿದರು ಎಂದು ನಾನೇ ತಿಳಿದುಕೊಂಡೆ.

ಸಭೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಆಚೆಬದಿಯ ಅಕ್ಕನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಧಿಕಾರಿ ಪಟ್ಟಿಯಲ್ಲಿ ಆ ತೋಡಿನ ಹೆಸರು ಓದಿ, ಇಲ್ಲಿ ಟರ್ಬೈನು ಉಂಟಂತಲ್ಲ, ವರ್ಷಪೂರ್ತಿ ಓಡುತ್ತದಲ್ಲವೇ ಎಂದು ಕೇಳಿದರು. ಪ್ರಶ್ನೆಯಲ್ಲೇ ಉತ್ತರವನ್ನೂ ಇಟ್ಟುಕೊಟ್ಟಿದ್ದರು. ಮೇಸ್ತ್ರಿ ಎದ್ದು ನಿಂತರು. ನನ್ನ ಕಡೆ ನೋಡಿದರು. ಹಿಂದೆ ತಿರುಗಿ ಅಕ್ಕನ ಕಡೆ ನೋಡಿದರು.

“ಇಲ್ಲ ಸರ್” ಎಂದರು. “ಆರು ತಿಂಗಳು. ಉಳಿದ ಆರು ತಿಂಗಳು ತೋಡು ಆಚೆಯವರದ್ದು. ನಾನು ಹನ್ನೆರಡು ಅಂದ್ರೆ ಅವರಿಗೆ ಎಂತ ಉಳಿತದೆ?”

ಅಧಿಕಾರಿ ನನ್ನನ್ನು ನೋಡಿದರು. ನಾನು ಮೇಜು ನೋಡಿದೆ. ಆರು ತಿಂಗಳಾದರೆ ನಿಯಮದಲ್ಲಿ ಬರುವುದಿಲ್ಲ, ಏನಾದರೂ ದಾಖಲೆ ಇದ್ದರೆ ವರ್ಷ ಮುಗಿಯುವುದರೊಳಗೆ ಕೊಡಿ ಎಂದು ಹೇಳಿ ಅವರು ಮುಂದಿನ ತೋಡಿಗೆ ಹೋದರು. ಎಲ್ಲ ಸೇರಿ ಎರಡು ನಿಮಿಷ ಆಗಿರಬೇಕು.

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನಾನು ತಡೆದುಕೊಳ್ಳಲಿಲ್ಲ. ನನ್ನ ಸಿಟ್ಟು ಹುಟ್ಟಿನಿಂದ ಬಂದದ್ದು, ಮನೆಯವರೆಲ್ಲ ಅದನ್ನು ಉಂಡವರೇ. ಆದರೆ ಅಂದು ಬಂದದ್ದು ಬರೇ ಸಿಟ್ಟಲ್ಲ. ನನ್ನ ತಪ್ಪು ತಿದ್ದಿಹೋಗುತ್ತಿತ್ತು, ಅವರು ತಿದ್ದಲು ಬಿಡಲಿಲ್ಲ, ಅದು ನನ್ನ ಸಂಕಟ. ಬಸ್ಸಿಗೆ ಕಾಯುತ್ತಿದ್ದ ಅಷ್ಟು ಜನರ ಎದುರು, ಅಪ್ಪನ ಪ್ರಾಯದವರಿಗೆ, “ನಿಮ್ಮ ಸತ್ಯ ಕಟ್ಟಿಕೊಂಡು ಕತ್ತಲೆಯಲ್ಲಿ ಕೂತುಕೊಳ್ಳಿ ಮೇಸ್ತ್ರಿ, ನಾನಿನ್ನು ಆ ಕಡೆ ಬರುವುದಿಲ್ಲ” ಎಂದೆ.

ಅವರು ಅಂಗಿಯ ತೋಳು ಸರಿಮಾಡಿಕೊಂಡರು. “ಪುತ್ತೂರು ಬಸ್ಸು ಬಂತು ನೋಡಿ” ಎಂದರು. “ಹತ್ತಿ, ಸೀಟು ಸಿಗ್ತದೆ.”

ನಾನು ಹತ್ತಿದೆ. ತಿರುಗಿ ನೋಡಲಿಲ್ಲ. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಅದೇ, ನೋಡಿದೆ ಎಂದು ಹೇಳುವ ಹಾಗೂ ಇಲ್ಲ.

ಸಿಟ್ಟು ಒಂದು ವಾರದಲ್ಲಿ ಇಳಿಯಿತು. ನಾಚಿಕೆ ಇಳಿಯಲಿಲ್ಲ. ಆ ಮಳೆಗಾಲದಲ್ಲಿ ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರುವ ಕಡೆ ನೀರು ಏರಿದ ಸುದ್ದಿ ಕೇಳಿದಾಗ, ಮೇಲೆ ಮೇಸ್ತ್ರಿಯ ಪೈಪು ಏನಾಯಿತೋ ಎಂದು ಮೊದಲು ಅನ್ನಿಸಿತು. ಹೋಗಲಿಲ್ಲ. ಅವರ ಫೋನು ಮೂರು ಸಲ ಬಂತು. ಮೊದಲನೆಯದು ಸಭೆ ಕಳೆದು ಎರಡು ಮೂರು ದಿನಕ್ಕೆ, ಆಗ ಸಿಟ್ಟಿತ್ತು, ಎತ್ತಲಿಲ್ಲ. ಆಗಸ್ಟಿನಲ್ಲಿ ಬಂದಾಗ ಎಂತ ಮಾತಾಡುವುದು ಎಂದು ಗೊತ್ತಾಗದೆ ಫೋನನ್ನೇ ನೋಡುತ್ತಾ ಕೂತೆ, ನಿಂತುಹೋಯಿತು. ಮೂರನೆಯದು ಬರುವಾಗ ನಾನು ಕಡಬದಲ್ಲಿ ಯಾರದೋ ಮನೆಯ ಒಲೆ ಲೆಕ್ಕ ಹಾಕುತ್ತಿದ್ದೆ, ಸಂಜೆ ನಾನೇ ಮಾಡುತ್ತೇನೆ ಎಂದುಕೊಂಡೆ. ಸಂಜೆ ಮಾಡಲಿಲ್ಲ. ಅವರಿಗೆ ಎಂತ ಹೇಳಬೇಕೆಂದು ಮನಸ್ಸಿನಲ್ಲಿ ಎಷ್ಟು ಸಲ ಜೋಡಿಸಿದ್ದೇನೆ, ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಸ್ನಾನ ಮಾಡುವಾಗ. ಜೋಡಿಸಿದ್ದು ಯಾವಾಗಲೂ ಬಹಳ ಉದ್ದ ಇರುತ್ತಿತ್ತು.

ನವೆಂಬರಿನಲ್ಲಿ ಒಂದು ದಿನ ಆಚೆಬದಿಯ ಅಕ್ಕ ಪುತ್ತೂರಿನ ನನ್ನ ಕಚೇರಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ. ಕೂತರು, ನೀರು ಕುಡಿದರು, ನಾನು ಊರಿನ ಕಡೆ ಎಲ್ಲ ಹೇಗಿದ್ದಾರೆ ಎಂದು ಕೇಳುವ ಮೊದಲೇ ಹೇಳಿದರು. ಮೇಸ್ತ್ರಿಗೆ ಎದೆನೋವು ಬಂದಿತ್ತು. ಜೀಪಿನಲ್ಲಿ ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದರು. ಉತ್ತರಕ್ರಿಯೆಯೂ ಮುಗಿದಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ನಾನು ಫೋನು ಎತ್ತುವವಳಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಅಕ್ಕ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೇಸ್ತ್ರಿಯ ದಪ್ಪ ಅಕ್ಷರ. ಈ ತೋಡಿನ ನೀರನ್ನು ಜೂನಿನಿಂದ ಡಿಸೆಂಬರಿನವರೆಗೆ ಈಚೆಬದಿಯ ನಾಲ್ಕು ಮನೆಯವರು ಕರೆಂಟಿಗೆ, ಡಿಸೆಂಬರಿನಿಂದ ಜೂನಿನವರೆಗೆ ಆಚೆಬದಿಯವರು ಕಟ್ಟ ಕಟ್ಟಿ ಕೃಷಿಗೆ ಬಳಸುತ್ತಾ ಬಂದಿದ್ದೇವೆ, ಹಾಗಾಗಿ ತೋಡು ವರ್ಷಪೂರ್ತಿ ಬಳಕೆಯಲ್ಲಿದೆ ಎಂದು ಬರೆದಿತ್ತು. ಕೆಳಗೆ ಅವರ ರುಜು, ಅಕ್ಕನ ರುಜು, ಎರಡೂ ಬದಿಯ ಉಳಿದ ಮನೆಗಳವರ ರುಜು. ಅಂಕಿ ಅಂಶದ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುವ ನನಗೆ ಆರಕ್ಕೆ ಆರು ಕೂಡಿಸಲು ಹೊಳೆದಿರಲಿಲ್ಲ. ಹನ್ನೆರಡು ಎಂದು ಸುಳ್ಳು ಹೇಳಿಸಲು ಹೊರಟಿದ್ದೆ. ಸಭೆಯಲ್ಲಿ ಅವರು ನಿಜ ಹೇಳಿದ್ದರಿಂದಲೇ ಆಚೆಯವರು ಈ ಹಾಳೆಗೆ ರುಜು ಹಾಕಿದ್ದು. ಅವರು ನಾನು ಹೇಳಿಕೊಟ್ಟ ಹಾಗೆ ಹೌದು ಎಂದಿದ್ದರೆ ಎರಡು ಬದಿಯ ನಡುವೆ ಬೆಲ್ಲ ನೀರು ಅಂದಿಗೇ ಮುಗಿಯುತ್ತಿತ್ತು.

ಎಲ್ಲದರ ಕೆಳಗೆ ‘ಸಾಕ್ಷಿ’ ಎಂದು ಬರೆದಿತ್ತು. ಅದರ ಮುಂದೆ ನನ್ನ ಹೆಸರು, ಇನಿಷಿಯಲ್ಲು ಸಮೇತ. ರುಜುವಿಗೆ ಜಾಗ ಬಿಟ್ಟಿದ್ದರು. ಹಾಳೆಯ ಮೇಲಿದ್ದ ತಾರೀಕು ಸುಳ್ಯದ ಸಭೆಯ ಮರುದಿನದ್ದು.

ಅಕ್ಕನ ಎದುರೇ ಅತ್ತುಬಿಟ್ಟೆ. ಪಕ್ಕದ ಮೇಜಿನವರು ಎದ್ದು ಹೊರಗೆ ಹೋದರು. ಆಮೇಲೆ ರುಜು ಹಾಕಿ, ನಾನೇ ತೆಗೆದುಕೊಂಡು ಹೋಗಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಅಧಿಕಾರಿ ಓದಿ, ಇದನ್ನು ಸಭೆಗೇ ತಂದಿದ್ದರೆ ಅಂದೇ ಮುಗಿಯುತ್ತಿತ್ತಲ್ಲ ಎಂದರು. ಮರುವರ್ಷ ಯೋಜನೆ ಪುಸ್ತಕವಾಗಿ ಬಂತು, ದಪ್ಪ ಪುಸ್ತಕ. ಹಿಂಬದಿಯ ಅನುಬಂಧದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಆ ತೋಡಿನ ಹೆಸರು ಮೊದಲ ಪಟ್ಟಿಗೆ ಬಂದಿದೆ. ‘ವರ್ಷಪೂರ್ತಿ ಬಳಕೆಯಲ್ಲಿದೆ.’ ಅವರು ಕೇಳಿದ್ದು ಒಂದು ಸಾಲು. ಅಷ್ಟೇ ಇದೆ. ತೋರಿಸಲು ಅವರಿಲ್ಲ. ಒಳ್ಳೆಯ ಸುದ್ದಿ ಯಾವುದೇ ಬಂದರೂ ಮೊದಲು ಅವರಿಗೆ ಹೇಳಬೇಕು ಎಂದು ಈಗಲೂ ಒಂದು ಕ್ಷಣ ಅನ್ನಿಸಿ, ಆಮೇಲೆ ನೆನಪಾಗುತ್ತದೆ.

ಅಂದು ಅಕ್ಕನ ಹತ್ತಿರ ಒಂದು ಮಾತು ಕೇಳಲು ನನಗೆ ಧೈರ್ಯ ಬಂದಿರಲಿಲ್ಲ. ಕಳೆದ ವರ್ಷ ಆ ಕಡೆ ಹೋದಾಗ ಕೇಳಿದೆ. ಹಾಳೆ ಮೇ ತಿಂಗಳಲ್ಲೇ ತಯಾರಾಗಿತ್ತಲ್ಲ, ಸಾಕ್ಷಿಗೆ ಬೇರೆ ಯಾರದ್ದಾದರೂ ರುಜು ಹಾಕಿಸಿ ಕೊಟ್ಟುಬಿಡಬಹುದಿತ್ತಲ್ಲ, ಮೇಸ್ತ್ರಿ ಯಾಕೆ ಮಳೆಗಾಲವಿಡೀ ಅದನ್ನು ಮನೆಯಲ್ಲಿಟ್ಟುಕೊಂಡರು ಎಂದು.

“ನಾವೂ ಅದೇ ಹೇಳಿದ್ದು” ಎಂದರು ಅಕ್ಕ. “ಅವರು ಕೇಳ್ಬೇಕಲ್ಲ. ಮೇಡಂ ಬಂದು ನೋಡಿದ್ದಾರೆ, ಅವರೇ ಹಾಕ್ಬೇಕು. ಈಗ ಸಿಟ್ಟು ಉಂಟು, ಇಳಿದ ಕೂಡ್ಲೆ ಬರ್ತಾರೆ ಅಂತ ಹೇಳುದು. ದಿನಾ ಮಧ್ಯಾಹ್ನ ಜೀಪು ಬರುವ ಹೊತ್ತಿಗೆ ರಸ್ತೆಯ ಹತ್ರ ಹೋಗಿ ನಿಂತುಕೊಳ್ತಿದ್ರು.”

ಸಿಟ್ಟು ಇಳಿದದ್ದು ಒಂದೇ ವಾರಕ್ಕೆ. ನಾನು ಹೋಗಬೇಕಿತ್ತು.